ಫೇಲಿಕ್ಸನ ಕಚೇರಿಯಲ್ಲಿ ಎರಡು ವರ್ಷ

ಲಂಚದ ಮಾತು ಬಂದಾಗ ನಮ್ಮ ಚರ್ಚ್ ಮಂದಿಯ ಹತ್ತಿರ ಎರಡು ಉತ್ತರ ಯಾವಾಗಲೂ ರೆಡಿ ಇರುತ್ತವೆ. "ಇವೆಲ್ಲಾ ಕಡೇ ದಿವಸಗಳ ಗುರುತು, ಹೀಗಾಗುತ್ತೆ ಅಂತ ಮೊದಲೇ ಬರೆದಿದೆ" ಅನ್ನೋದು ಒಂದು. "ಕರ್ತನು ಬಂದಾಗ ಎಲ್ಲಾ ಸರಿಹೋಗುತ್ತೆ ಬಿಡಿ" ಅನ್ನೋದು ಇನ್ನೊಂದು. ನಾನು ಎರಡನ್ನೂ ನಂಬುವವನೇ. ಆದರೆ ಭಾನುವಾರ ಹೀಗೆ ಹೇಳಿದವರು ಸೋಮವಾರ ಬೆಳಿಗ್ಗೆ ಫೈಲ್ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಹೋಗಲೇಬೇಕು. ಅಲ್ಲಿ ಏನು ಮಾಡಬೇಕು ಅಂತ ಈ ಎರಡು ಉತ್ತರಗಳೂ ಹೇಳುವುದಿಲ್ಲ. ಹಾಗಾಗಿ ಎಲ್ಲರೂ ಮಾಡುವುದನ್ನೇ ನಮ್ಮವರೂ ಮಾಡುತ್ತಾರೆ. ಕವರ್ ಕೊಟ್ಟು ಬರುತ್ತಾರೆ. ಆಮೇಲೆ ಕೂತು ಸಿಸ್ಟಮ್ ಅನ್ನು ಬೈಯುತ್ತಾರೆ.

ಸತ್ಯವೇದದಲ್ಲಿ, ಅಂದ್ರೆ ಬೈಬಲಿನಲ್ಲಿ, ಈ ಸೋಮವಾರದ ಬಗ್ಗೆಯೇ ಬರೆದಂತಿರುವ ಒಂದು ಅಧ್ಯಾಯ ಇದೆ. ಅಪೊಸ್ತಲರ ಕೃತ್ಯಗಳು 24. ಅದರ ಮೇಲೆ ಯಾರಾದರೂ ಪ್ರಸಂಗ ಮಾಡಿದ್ದು ನನಗೆ ನೆನಪಿಲ್ಲ. ಯಾಕಂದ್ರೆ ಅದರಲ್ಲಿ ಅದ್ಭುತ ಏನೂ ನಡೆಯುವುದಿಲ್ಲ. ಭೂಕಂಪ ಆಗಿ ಸೆರೆಮನೆಯ ಬಾಗಿಲು ತೆರೆಯುವುದಿಲ್ಲ, ದೇವದೂತ ಬರುವುದಿಲ್ಲ. ಒಬ್ಬ ಅಧಿಕಾರಿ ದುಡ್ಡಿಗಾಗಿ ಕಾಯುತ್ತಾನೆ, ಒಬ್ಬ ಕೈದಿ ದುಡ್ಡು ಕೊಡದೆ ಕಾಯುತ್ತಾನೆ. ಅಷ್ಟೇ ಕಥೆ.

ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನೇ ಆ ಕೈದಿ. ಅವನನ್ನು ಯೆರೂಸಲೇಮಿನಲ್ಲಿ ಹಿಡಿದ ರೋಮನ್ ಸೇನೆಯ ಸಹಸ್ರಾಧಿಪತಿಯ ಹೆಸರು ಲೂಸ್ಯ. ತಾನು ಬಹಳ ದುಡ್ಡು ಸುರಿದು ರೋಮ್ ಪೌರತ್ವ ಪಡೆದುಕೊಂಡೆ ಅಂತ ಪೌಲನ ಎದುರೇ ಹೇಳಿಕೊಳ್ಳುವ ಮನುಷ್ಯ ಅವನು. ಆ ಕಾಲದಲ್ಲಿ ಅದು ಮುಚ್ಚಿಡುವ ವಿಷಯವೂ ಆಗಿರಲಿಲ್ಲ ಅಂತ ಕಾಣುತ್ತೆ. ಅವನು ರಾತ್ರೋರಾತ್ರಿ ಪೌಲನನ್ನು 470 ಮಂದಿ ಸಿಪಾಯಿಗಳ ಕಾವಲಲ್ಲಿ ಕೈಸರೈಯಕ್ಕೆ, ದೇಶಾಧಿಪತಿ ಫೇಲಿಕ್ಸನ ಹತ್ತಿರ ಸಾಗಹಾಕುತ್ತಾನೆ. ಐದು ದಿನ ಬಿಟ್ಟು ಯೆಹೂದ್ಯರ ಮಹಾಯಾಜಕ, ಪೌಲನ ಮೇಲೆ ದೂರು ಹೇಳಲು ಒಬ್ಬ ವಕೀಲನನ್ನು ಕರೆದುಕೊಂಡು ಬರುತ್ತಾನೆ. ವಕೀಲ ಶುರು ಮಾಡುವ ರೀತಿ ನೋಡಬೇಕು. ತಮ್ಮಿಂದಲೇ ನಾವು ನೆಮ್ಮದಿಯಾಗಿದ್ದೇವೆ, ತಮ್ಮ ದೂರದೃಷ್ಟಿಯಿಂದಲೇ ಈ ದೇಶ ಉದ್ಧಾರ ಆಗುತ್ತಿದೆ ಅನ್ನುವ ಧಾಟಿ. ನಮ್ಮ ಯಾವುದೇ ಶಂಕುಸ್ಥಾಪನೆಯ ವೇದಿಕೆಯಲ್ಲಿ ನಿಲ್ಲಿಸಿದರೂ ಆ ಭಾಷಣ ಹೊಂದಿಕೊಳ್ಳುತ್ತೆ.

ಎರಡೂ ಕಡೆಯವರ ಮಾತು ಕೇಳಿದ ಮೇಲೆ ಫೇಲಿಕ್ಸ ಏನು ಮಾಡಿದ? ಲೂಸ್ಯ ಬರಲಿ, ಆಮೇಲೆ ತೀರ್ಮಾನ ಮಾಡೋಣ ಅಂದ. ಸಾಹೇಬರು ಬರಲಿ, ನೋಡೋಣ. ಲೂಸ್ಯ ಬಂದ ಅಂತ ಮುಂದೆ ಎಲ್ಲೂ ಬರೆದಿಲ್ಲ.

ಈ ಫೇಲಿಕ್ಸ ಗುಲಾಮಗಿರಿಯಿಂದ ಬಿಡುಗಡೆಯಾಗಿ ಮೇಲೆ ಬಂದವನು. ಅವನ ಅಣ್ಣ ಪಲ್ಲಾಸ್ ರೋಮಿನ ಅರಮನೆಯಲ್ಲಿ ಚಕ್ರವರ್ತಿಯ ಖಜಾನೆ ನೋಡಿಕೊಳ್ಳುತ್ತಿದ್ದ. ವಶೀಲಿ ಅಂದ್ರೆ ಅದು. ಇವನು ರಾಜನ ಅಧಿಕಾರವನ್ನು ಗುಲಾಮನ ಬುದ್ಧಿಯಿಂದ ನಡೆಸಿದ ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. (ಆ ಮಾತಿನಲ್ಲಿ ಹುಟ್ಟಿನ ತಿರಸ್ಕಾರವೇ ಜಾಸ್ತಿ. ಲಂಚ ತಿನ್ನುವುದಕ್ಕೆ ಗುಲಾಮನಾಗಿ ಹುಟ್ಟಬೇಕಾಗಿಲ್ಲ, ದೊಡ್ಡ ಮನೆತನದಲ್ಲಿ ಹುಟ್ಟಿದವರೂ ಚೆನ್ನಾಗಿಯೇ ತಿಂದಿದ್ದಾರೆ.) ಮುಂದೆ ಅಧಿಕಾರ ಹೋದಾಗ ಯೆಹೂದ್ಯರು ಇವನ ಮೇಲೆ ರೋಮಿಗೇ ದೂರು ಒಯ್ದರು. ಆಗಲೂ ಅಣ್ಣನ ದಯೆಯಿಂದಲೇ ಪಾರಾದ ಅಂತ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಹೇಳುತ್ತಾನೆ.

ಫೇಲಿಕ್ಸ ಪೌಲನನ್ನು ಮತ್ತೆ ಮತ್ತೆ ಕರೆಸಿ ಮಾತಾಡುತ್ತಿದ್ದ. ಹೊರಗಿನಿಂದ ನೋಡಿದವರಿಗೆ, ಆಹಾ, ಎಂಥ ದೈವಭಕ್ತ ಅನ್ನಿಸಿರಬಹುದು. ಈ ಕಥೆ ಬರೆದ ಲೂಕ ಒಂದೇ ಸಾಲಿನಲ್ಲಿ ಗುಟ್ಟು ಬಿಡುತ್ತಾನೆ: ಪೌಲನಿಂದ ದುಡ್ಡು ಬರುತ್ತೆ ಅನ್ನುವ ಆಸೆ ಅವನಿಗಿತ್ತು. ಪೌಲ ತನ್ನ ಹೇಳಿಕೆಯಲ್ಲಿ, ನನ್ನ ಜನರಿಗೆ ದಾನ ಒಪ್ಪಿಸಲು ಬಂದಿದ್ದೆ ಅಂದಿದ್ದ. ಅಲ್ಲೇ ಸಾಹೇಬರ ಕಿವಿ ನೆಟ್ಟಗಾಗಿರಬೇಕು ಅಂತ ನನ್ನ ಊಹೆ. ಸಭೆಗಳೆಲ್ಲಾ ಸೇರಿ ದುಡ್ಡು ಕಳಿಸಿವೆ, ಇವನಿಗೆ ಜನ ಇದ್ದಾರೆ, ಕೇಳಿದರೆ ತಂದುಕೊಡುತ್ತಾರೆ. ಬಾಯಿಬಿಟ್ಟು ಕೇಳಿದ ಅಂತ ಮಾತ್ರ ಬರೆದಿಲ್ಲ. ನಮ್ಮ ಕಚೇರಿಗಳಲ್ಲೂ ಯಾರೂ ಬಾಯಿಬಿಟ್ಟು ಕೇಳಲ್ಲ ಅಲ್ವಾ? "ಸ್ವಲ್ಪ ನೋಡ್ಕೋಬೇಕಾಗುತ್ತೆ." "ಮೇಲಿನವರೂ ಇದಾರೆ." "ಸರ್ವರ್ ಇಲ್ಲ, ಮುಂದಿನ ವಾರ ಬನ್ನಿ." ಇಷ್ಟು ಹೇಳಿದರೆ ಊರಿಗೆಲ್ಲಾ ಅರ್ಥ ಆಗುತ್ತೆ.

ಪೌಲ ಕೊಡಲಿಲ್ಲ. ಎರಡು ವರ್ಷ ಆಯಿತು. ಫೇಲಿಕ್ಸನಿಗೆ ವರ್ಗ ಆಯಿತು. ಹೋಗುವಾಗ, ಯೆಹೂದ್ಯರ ಮನಸ್ಸು ಗೆಲ್ಲೋಣ ಅಂತ ಪೌಲನನ್ನು ಸೆರೆಯಲ್ಲೇ ಬಿಟ್ಟು ಹೋದ. ಅಂದ್ರೆ ಕೊಡದೆ ಇದ್ದಿದ್ದಕ್ಕೆ ಪೌಲನಿಗೆ ಕೊನೆಗೂ ಏನೂ ಸಿಗಲಿಲ್ಲ.

ಇದನ್ನು ನನ್ನ ಚಿಕ್ಕಪ್ಪನಿಗೆ ಓದಿ ಹೇಳಿದಾಗ ಅವರು, "ಗೊತ್ತು ಬಿಡೋ, ನಂದೂ ಅದೇ ಅಧ್ಯಾಯ" ಅಂದರು.

ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ತಾತನ ಹೆಸರಿನಲ್ಲಿದ್ದ ಸ್ವಲ್ಪ ಹೊಲವನ್ನು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಾಗಿತ್ತು. ಅಡ್ಡ ಬಂದಿದ್ದು ಹೆಸರು. ಪಹಣಿಯಲ್ಲಿ ತಾತನ ಮನೆಯ ಹೆಸರಿದೆ, ಮರಣ ಪ್ರಮಾಣಪತ್ರದಲ್ಲಿ ದೀಕ್ಷಾಸ್ನಾನದ ಹೆಸರಿದೆ. ನಮ್ಮ ಕಡೆಯ ಹಳೇ ಕ್ರೈಸ್ತ ಕುಟುಂಬಗಳಲ್ಲಿ ಇದು ಮಾಮೂಲು. ಒಬ್ಬನೇ ಮನುಷ್ಯ, ಊರಿಗೊಂದು ಹೆಸರು, ಚರ್ಚ್ ರಿಜಿಸ್ಟರಿಗೊಂದು ಹೆಸರು. ಅಫಿಡವಿಟ್ ಕೊಟ್ಟು, ಊರವರ ಮುಂದೆ ಮಹಜರು ಮಾಡಿ ಬಗೆಹರಿಸಬಹುದಾದ ವಿಷಯ ಇದು. ಆದರೆ ಎಲ್ಲಿ ತೊಡಕು ಇದೆಯೋ ಅಲ್ಲಿ ಗಿಂಬಳ ಇದೆ. ಗುಮಾಸ್ತ ವಂಶವೃಕ್ಷವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಗುತ್ತಾ ಹೇಳಿದನಂತೆ: "ಮೇಷ್ಟ್ರೇ, ನೀವು ಚರ್ಚ್‌ನೋರು. ವಾರ ವಾರ ಕಾಣಿಕೆ ಹಾಕ್ತೀರಿ. ಇಲ್ಲೂ ಒಂದು ಹುಂಡಿ ಇದೆ ಅಂದ್ಕೊಳ್ಳಿ."

ಚಿಕ್ಕಪ್ಪನೂ ನಗುತ್ತಲೇ ಹೇಳಿದರು: "ಅಲ್ಲಿ ರಸೀದಿ ಕೊಡ್ತಾರಪ್ಪ. ನೀನೂ ಕೊಡ್ತೀಯಾ?"

ಮಾತು ಚೆನ್ನಾಗಿತ್ತು. ಮನೆಗೆ ಬಂದು ಹೇಳಿದಾಗ ಎಲ್ಲರೂ ನಕ್ಕೆವು. ಆದರೆ ಫೈಲು ಕಟ್ಟಿನ ಅಡಿಗೆ ಹೋಯಿತು. ಒಮ್ಮೆ ಮಹಜರಿಗೆ ಸಹಿ ಇಲ್ಲ, ಒಮ್ಮೆ ಅಫಿಡವಿಟ್ ಹಳೇದಾಯ್ತು, ಒಮ್ಮೆ ಸಾಹೇಬರು ಚುನಾವಣೆ ಡ್ಯೂಟಿ. ಖಾತೆ ಇಲ್ಲದಿದ್ದರೆ ಸೊಸೈಟಿಯಲ್ಲಿ ಬೆಳೆ ಸಾಲ ಇಲ್ಲ, ಬೆಳೆ ವಿಮೆ ಇಲ್ಲ. ಬಸ್ ಚಾರ್ಜು, ಜೆರಾಕ್ಸು, ಹೋಟೆಲ್ ಊಟ ಎಲ್ಲಾ ಕೂಡಿಸಿದರೆ ಆ ಗುಮಾಸ್ತ ಕೇಳಿದ್ದಕ್ಕಿಂತ ಜಾಸ್ತಿಯೇ ಖರ್ಚಾಗಿತ್ತು. ಚಿಕ್ಕಮ್ಮ ಮುನಿಸಿಕೊಂಡರು. "ನಿಮ್ಮ ನೀತಿಗೆ ನಾನು ಯಾಕೆ ಉಪವಾಸ ಕೂರಬೇಕು" ಅಂತ ನೇರವಾಗಿಯೇ ಕೇಳಿದರು. ಆ ಪ್ರಶ್ನೆಗೆ ಚಿಕ್ಕಪ್ಪನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ, ಬೇಕಾದಷ್ಟಿದೆ. ನಮ್ಮ ರಾಜ್ಯದಲ್ಲಿ ಸಕಾಲ 2012ರಿಂದ ಇದೆ. ಅರ್ಜಿ ಕೊಟ್ಟಾಗ ಒಂದು ನಂಬರ್ ಕೊಡುತ್ತಾರೆ, ಇಷ್ಟು ದಿನದೊಳಗೆ ಕೆಲಸ ಆಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿತು. ಅದರಿಂದ ಉಪಯೋಗ ಆಗಿಲ್ಲ ಅಂದರೆ ಸುಳ್ಳಾಗುತ್ತೆ. ಪಹಣಿಗಾಗಿ ಶಾನುಭೋಗರ ಕಾಲದಿಂದ ಬಂದ ಕೈ ಕಟ್ಟಿ ನಿಲ್ಲುವ ಪದ್ಧತಿ ಹೋಯಿತು. ಆದರೆ ಮನುಷ್ಯ ಕೂತು "ಇದು ಸರಿ ಇದೆ" ಅಂತ ಒಪ್ಪಬೇಕಾದ ಜಾಗ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲಾ ಲಂಚವೂ ಉಳಿದುಕೊಂಡಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ತಂದು ಲಂಚ ಕೊಡುವುದನ್ನೂ ನೇರ ಅಪರಾಧ ಮಾಡಿದರು. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು, ಆಗ ಮಾತ್ರ ಮಾಫಿ. ನನಗೆ ಇದು ಅಷ್ಟು ಸರಿ ಕಾಣಲ್ಲ. ಟೆಂಡರಿಗಾಗಿ ಕೋಟಿ ಕೊಡುವ ಗುತ್ತಿಗೆದಾರ, ವಿಧವಾ ವೇತನಕ್ಕಾಗಿ ಐನೂರು ಕೊಡುವ ಹೆಂಗಸು, ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮೋಶೆಯ ಧರ್ಮಶಾಸ್ತ್ರ ಈ ವಿಷಯದಲ್ಲಿ ಸೂಕ್ಷ್ಮ. ಲಂಚ ತೆಗೆದುಕೊಳ್ಳಬೇಡ, ಅದು ಕಣ್ಣಿದ್ದವನನ್ನೂ ಕುರುಡು ಮಾಡುತ್ತೆ ಅಂತ ಅದು ಹೇಳುವುದು ನ್ಯಾಯದ ಜಾಗದಲ್ಲಿ ಕೂತವನಿಗೆ. ಸ್ನಾನಿಕನಾದ ಯೋಹಾನನೂ ಯೊರ್ದನಿನ ದಡದಲ್ಲಿ ಈ ವಿಷಯದಲ್ಲಿ ಬುದ್ಧಿ ಹೇಳಿದ್ದು ಸುಂಕದವರಿಗೆ, ಸಿಪಾಯಿಗಳಿಗೆ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೀಳಬೇಡಿ, ಹೆದರಿಸಿ ವಸೂಲಿ ಮಾಡಬೇಡಿ, ಸಂಬಳ ಸಾಕು ಅನ್ನಿ. ಸುಲಿಗೆಗೆ ಒಳಗಾದವರಿಗೆ ಅವನು ಉಪದೇಶ ಮಾಡಲು ಹೋಗಲಿಲ್ಲ. ಪ್ರಸಂಗಪೀಠದಿಂದ "ಲಂಚ ಕೊಡಬೇಡಿ" ಅನ್ನುವವರು ಇದನ್ನು ಸ್ವಲ್ಪ ಗಮನಿಸಬೇಕು. ಚಿಕ್ಕಪ್ಪನಿಗೆ ಪಿಂಚಣಿ ಇತ್ತು, ಕಾದರು. ದಿನಗೂಲಿ ಬಿಟ್ಟು ಬಂದವನು ಎಲ್ಲಿಂದ ಕಾಯುತ್ತಾನೆ?

ಇನ್ನು ನಮ್ಮ ದೊಡ್ಡ ಆಸೆ. ಯಾರೋ ಒಬ್ಬ ಬರುತ್ತಾನೆ, ಎಲ್ಲರನ್ನೂ ಗುಡಿಸಿ ಹಾಕುತ್ತಾನೆ ಅನ್ನೋದು. 2011ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಣ್ಣಾ ಹಜಾರೆಯವರ ಚಳವಳಿಗಾಗಿ ಟೋಪಿ ಹಾಕಿಕೊಂಡು ಕೂತವರಲ್ಲಿ ನನ್ನ ಸ್ನೇಹಿತರೂ ಇದ್ದರು. ಅದೇ ವರ್ಷ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂತು. ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆಹಾ, ಇನ್ನು ಆಗೇಹೋಯ್ತು ಅನ್ನಿಸಿತ್ತು. ನಾಲ್ಕು ವರ್ಷಕ್ಕೆ ಆ ಲೋಕಾಯುಕ್ತ ಕಚೇರಿಯಲ್ಲೇ ಸುಲಿಗೆ ನಡೀತಿದೆ ಅನ್ನುವ ದೂರು ಬಂದು, ಆಗಿನ ಲೋಕಾಯುಕ್ತರ ಮಗನ ಬಂಧನವಾಯಿತು. 2015ರ ಕೊನೆಗೆ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಮರುವರ್ಷ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಬೇರೆ ಸಂಸ್ಥೆ ಮಾಡಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಅಧಿಕಾರವನ್ನು ವಾಪಸ್ ಲೋಕಾಯುಕ್ತಕ್ಕೇ ಕೊಟ್ಟಿತು. ದೆಹಲಿಯಲ್ಲಿ ಲೋಕಪಾಲ ಕಾಯ್ದೆ 2013ರಲ್ಲಿ ಪಾಸಾದರೂ ಮೊದಲ ಲೋಕಪಾಲರು ಕುರ್ಚಿಯಲ್ಲಿ ಕೂತದ್ದು 2019ರಲ್ಲಿ.

ಸಮುವೇಲನ ಕಥೆ ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಇಸ್ರಾಯೇಲ್ಯರಿಗೆ ನ್ಯಾಯಾಧಿಪತಿಯಾಗಿದ್ದ ಸಮುವೇಲ ಚಿನ್ನದಂಥ ಮನುಷ್ಯ. ಮುದುಕನಾದಾಗ ಜನರ ಮುಂದೆ ನಿಂತು, ನಾನು ಯಾರ ಎತ್ತನ್ನು ತೆಗೆದುಕೊಂಡಿದ್ದೇನೆ, ಯಾರ ಕೈಯಿಂದ ಲಂಚ ತೆಗೆದುಕೊಂಡಿದ್ದೇನೆ, ಹೇಳಿ, ವಾಪಸ್ ಕೊಡುತ್ತೇನೆ ಅಂತ ಸವಾಲು ಹಾಕಿದವನು. ನೀನು ಯಾರ ಕೈಯಿಂದಲೂ ಏನೂ ತೆಗೆದುಕೊಂಡಿಲ್ಲ ಅಂತ ಜನರೇ ಒಪ್ಪಿಕೊಂಡರು. ಆದರೆ ಅವನೇ ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳನ್ನಾಗಿ ಇಟ್ಟಿದ್ದ ಅವನ ಇಬ್ಬರು ಗಂಡುಮಕ್ಕಳು ಲಂಚ ತಿಂದು ನ್ಯಾಯ ಕೆಡಿಸಿದರು. ಜನ ಬೇಸತ್ತು, ನಮಗೊಬ್ಬ ರಾಜ ಬೇಕು ಅಂದರು. ಗಟ್ಟಿ ಆಳು, ಎಲ್ಲಾ ಸರಿಮಾಡುತ್ತಾನೆ. ಸಮುವೇಲ ಎಚ್ಚರಿಸಿದ: ಆ ರಾಜ ನಿಮ್ಮ ಒಳ್ಳೊಳ್ಳೆ ಹೊಲಗಳನ್ನೂ ದ್ರಾಕ್ಷೇ ತೋಟಗಳನ್ನೂ ಕಿತ್ತು ತನ್ನ ಅಧಿಕಾರಿಗಳಿಗೆ ಕೊಡುತ್ತಾನೆ. ಕೇಳಲಿಲ್ಲ. ಮುಂದೆ ಅಹಾಬ ರಾಜನ ಕಾಲಕ್ಕೆ ನಾಬೋತ ಅನ್ನುವವನ ದ್ರಾಕ್ಷೇ ತೋಟ ಅರಮನೆಯ ಪಾಲಾದದ್ದು ಹೇಗೆ ಅಂತ ನಮ್ಮವರಿಗೆಲ್ಲಾ ಗೊತ್ತು. ರಾಜಮುದ್ರೆ ಹಾಕಿದ ಪತ್ರ, ಇಬ್ಬರು ಸುಳ್ಳು ಸಾಕ್ಷಿಗಳು, ಕಾಗದದ ಮೇಲೆ ಎಲ್ಲಾ ಕಾನೂನುಬದ್ಧ. ಆ ಕಥೆ ಓದುವಾಗ ನನಗೆ ನಮ್ಮ ಸರ್ವೆ ನಂಬರುಗಳೇ ನೆನಪಾಗುತ್ತವೆ.

ಬೇರೆಯವರನ್ನು ಬೈದಿದ್ದು ಸಾಕು. ಮೀಕ ಪ್ರವಾದಿ ಲಂಚದ ಪಟ್ಟಿ ಮಾಡುವಾಗ ಅಧಿಪತಿಗಳ ಹೆಸರು ಬರೆದು ಅಲ್ಲಿಗೇ ನಿಲ್ಲಿಸಲಿಲ್ಲ. ಯಾಜಕರು ಕೂಲಿಗೆ ಬೋಧಿಸುತ್ತಾರೆ, ಪ್ರವಾದಿಗಳು ಹಣಕ್ಕೆ ಕಣಿ ಹೇಳುತ್ತಾರೆ, ಆಮೇಲೆ ಯೆಹೋವನು ನಮ್ಮ ಮಧ್ಯೆ ಇದ್ದಾನಲ್ಲ ಅಂತ ನೆಮ್ಮದಿಯಾಗಿರುತ್ತಾರೆ ಅಂದ. ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ 1984ರಲ್ಲೇ ಬಂತು. ಡೊನೇಶನ್ ಇಲ್ಲದೆ ಸೀಟು ಕೊಟ್ಟೆವು ಅಂತ ನಮ್ಮ ಎಲ್ಲಾ ಕ್ರೈಸ್ತ ಸಂಸ್ಥೆಗಳೂ ಎದೆ ಮುಟ್ಟಿಕೊಂಡು ಹೇಳಬಲ್ಲವೇ? ಸಭೆಯ ಚುನಾವಣೆಗಳಲ್ಲಿ ಓಡಾಡುವ ದುಡ್ಡು, ಮಿಷನರಿಗಳು ಬಿಟ್ಟುಹೋದ ಜಾಗಗಳು ಒಂದೊಂದಾಗಿ ಕರಗುತ್ತಿರುವ ರೀತಿ, ಈ ಮಾತೆಲ್ಲಾ ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಪಿಸುಪಿಸು ನಡೆಯುತ್ತೆ. ಒಳಗೆ ನಡೆಯಲ್ಲ.

ನನಗೆ ತುಂಬಾ ವಿಚಿತ್ರ ಅನ್ನಿಸುವುದು ಸಾಕ್ಷಿ ಕೂಟಗಳು. ಕುಡಿತ ಬಿಟ್ಟವರು ಸಾಕ್ಷಿ ಹೇಳಿದ್ದನ್ನು ಕೇಳಿದ್ದೇನೆ. ಬೀಡಿ ಬಿಟ್ಟವರು, ಜಗಳ ಬಿಟ್ಟವರು, ಸಿನಿಮಾ ಬಿಟ್ಟವರು ಕೂಡ ಹೇಳಿದ್ದಾರೆ. ತಿಂದ ಲಂಚವನ್ನು ವಾಪಸ್ ಕೊಟ್ಟೆ ಅಂತ ಎದ್ದು ನಿಂತವರನ್ನು ನಾನು ಇನ್ನೂ ನೋಡಿಲ್ಲ. ಸುಂಕದವನಾದ ಜಕ್ಕಾಯನ ಹಾಡನ್ನು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕುಣಿಸುತ್ತಾ ಹೇಳಿಕೊಡುತ್ತೇವೆ. ಕುಳ್ಳ ಮನುಷ್ಯ, ಮರ ಹತ್ತಿದ, ಯೇಸು ಕರೆದರು. ಅವನು ಊಟದ ಮನೆಯಲ್ಲಿ ಎದ್ದು ನಿಂತು ಹೇಳಿದ ಲೆಕ್ಕವನ್ನು ಹಾಡಿನಲ್ಲಿ ಬಿಟ್ಟೇಬಿಡುತ್ತೇವೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್. ಈ ಮನೆಗೆ ಈಗ ರಕ್ಷಣೆ ಆಯಿತು ಅಂತ ಯೇಸು ಹೇಳಿದ್ದು ಈ ಮಾತಾದ ಮೇಲೆ. ಅಷ್ಟೇಕೆ, ಯೇಸುವನ್ನು ಹಿಡಿದುಕೊಟ್ಟ ಯೂದ ಎಸೆದುಹೋದ 30 ಬೆಳ್ಳಿ ನಾಣ್ಯಗಳನ್ನು ಕಾಣಿಕೆಪೆಟ್ಟಿಗೆಗೆ ಹಾಕಬಾರದು, ಇದು ರಕ್ತದ ಹಣ ಅಂತ ಆ ಮಹಾಯಾಜಕರಿಗೇ ಅನ್ನಿಸಿತ್ತು. ಯೇಸುವನ್ನು ಕೊಲ್ಲಿಸಿದವರಿಗೆ ಇದ್ದ ಅಷ್ಟು ಸಂಕೋಚವೂ ನಮ್ಮ ಕಟ್ಟಡ ನಿಧಿಗೆ ಇಲ್ಲ. ಯಾರು ಕೊಟ್ಟರೂ ಸರಿ, ಬೆಂಚಿನ ಮೇಲೆ ಹೆಸರು ಬರೆಸುತ್ತೇವೆ.

ಹಾಗಾದರೆ ನಿರೀಕ್ಷೆ ಎಲ್ಲಿದೆ ಅಂತ ಕೇಳಬಹುದು. ನಾನು ಮತ್ತೆ ಫೇಲಿಕ್ಸನ ಹತ್ತಿರವೇ ಹೋಗುತ್ತೇನೆ. ಒಂದು ದಿನ ಅವನು ಹೆಂಡತಿ ದ್ರೂಸಿಲ್ಲಳ ಜೊತೆ ಕೂತು ಪೌಲನನ್ನು ಕರೆಸಿದ. ಪೌಲ ಮಾತಾಡಿದ್ದು ಮೂರು ವಿಷಯ: ನೀತಿ, ದಮೆ (ಅಂದ್ರೆ ಆಸೆಗಳ ಮೇಲೆ ಹಿಡಿತ), ಮುಂದೆ ಬರುವ ನ್ಯಾಯವಿಚಾರಣೆ. ಲಂಚಕ್ಕಾಗಿ ಕಾಯುತ್ತಿರುವವನ ಎದುರು ಕೈದಿಯೊಬ್ಬ ಇದನ್ನು ಮಾತಾಡಬೇಕಾದರೆ ಎಂಥ ಗುಂಡಿಗೆ ಇರಬೇಕು! ಫೇಲಿಕ್ಸ ಹೆದರಿದ. ಈಗ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಅಂದ. ನಾಳೆ ಬಾ.

ಎಲ್ಲಾ ಅಧಿಕಾರ ಇದ್ದವನು ಹೆದರಿದ, ಏನೂ ಇಲ್ಲದವನು ಹೆದರಲಿಲ್ಲ. ಫೇಲಿಕ್ಸ ತನ್ನ ಕುರ್ಚಿಯೇ ಕೊನೆಯ ಕುರ್ಚಿ ಅಂದುಕೊಂಡಿದ್ದ, ಅದರ ಮೇಲೆ ಇನ್ನೊಂದು ಇದೆ ಅಂತ ಪೌಲನಿಗೆ ಗೊತ್ತಿತ್ತು. ನ್ಯಾಯತೀರ್ಪಿನ ದಿನ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಭಯ. ಪ್ರವಾದಿಗಳು, ಕೀರ್ತನೆಗಾರರು ಅದನ್ನು ಹಾಡಿ ಕುಣಿದು ಸ್ವಾಗತಿಸಿದ್ದಾರೆ. ಚಾವಡಿಯಲ್ಲಿ ಸೋತು ಸೋತು ಸುಸ್ತಾದವನಿಗೆ ಒಬ್ಬ ನ್ಯಾಯಾಧೀಶ ಬರುತ್ತಾನೆ, ಅವನು ಮುಖ ನೋಡಲ್ಲ, ಲಂಚ ಮುಟ್ಟಲ್ಲ ಅನ್ನುವುದಕ್ಕಿಂತ ಸಂತೋಷದ ಸುದ್ದಿ ಇನ್ಯಾವುದಿದೆ? ಪ್ರವಾದಿ ಆಮೋಸನ ಕಾಲದಲ್ಲಿ ನ್ಯಾಯ ನಡೆಯುತ್ತಿದ್ದದ್ದು ಊರಬಾಗಿಲಲ್ಲಿ. ಬಡವನನ್ನು ತಳ್ಳಿ ಕಳಿಸುತ್ತಿದ್ದದ್ದೂ ಅಲ್ಲೇ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯಲ್ಲಿ ಬರುವ ದೇವರ ಪಟ್ಟಣಕ್ಕೆ ಹನ್ನೆರಡು ಬಾಗಿಲುಗಳಿವೆ, ಒಂದನ್ನೂ ಮುಚ್ಚುವುದಿಲ್ಲ, ಸುಳ್ಳು ನಡೆಸುವವನು ಮಾತ್ರ ಒಳಗೆ ಬರಲಾರ. ನೀತಿಯು ವಾಸವಾಗಿರುವ ಹೊಸ ಭೂಮಿ ಅಂತ ಪೇತ್ರ ಬರೆದದ್ದು ಇದನ್ನೇ. ಇದು ಬಂದೇ ಬರುತ್ತೆ ಅಂತ ನಂಬಿದವನಿಗೆ ಲಂಚ ಕೊಡದೆ ಕಾಯುವ ತಾಕತ್ತು ಬರುತ್ತೆ. ಅದನ್ನು ನಂಬದೆ ಕಾಯುವವರೂ ಇದ್ದಾರೆ, ಅವರಿಗೆ ನನ್ನ ದೊಡ್ಡ ನಮಸ್ಕಾರ. ಅವರ ತಾಕತ್ತು ಎಲ್ಲಿಂದ ಬರುತ್ತೋ ಕಾಣೆ.

ಆದರೆ ಚಿಕ್ಕಮ್ಮನ ಪ್ರಶ್ನೆ ಹಾಗೇ ಇದೆ. ಅದಕ್ಕೆ ಉತ್ತರ ಅದೇ ಅಧ್ಯಾಯದ 23ನೇ ವಚನದಲ್ಲಿ, ಯಾರೂ ಗಮನಿಸದ ಸಾಲಿನಲ್ಲಿ ಸಿಕ್ಕಿತು. ಪೌಲನ ಉಪಚಾರಕ್ಕೆ ಅವನ ಕಡೆಯವರು ಬಂದರೆ ತಡೆಯಬೇಡ ಅಂತ ಫೇಲಿಕ್ಸ ಶತಾಧಿಪತಿಗೆ ಅಪ್ಪಣೆ ಕೊಟ್ಟಿದ್ದ. ಅಂದ್ರೆ ಎರಡು ವರ್ಷ ಯಾರೋ ಬರುತ್ತಿದ್ದಿರಬೇಕು. ಊಟ, ಬಟ್ಟೆ, ಊರಿನ ಸುದ್ದಿ ತರುತ್ತಿದ್ದಿರಬೇಕು. ಸುವಾರ್ತಿಕನಾದ ಫಿಲಿಪ್ಪನ ಮನೆ ಆ ಊರಲ್ಲೇ ಇತ್ತು. ಪೌಲ ಒಬ್ಬನೇ ಕಾಯಲಿಲ್ಲ.

ಲಂಚ ಕೊಡದೆ ಕಾಯುವವರ ಜೊತೆ ನಾವೂ ನಿಲ್ಲೋಣ ಅಂತ ನಮ್ಮ ಸಭೆಯ ಕಮಿಟಿಯಲ್ಲಿ ಹೇಳಿದಾಗ ಒಂದಷ್ಟು ಗೊಣಗಾಟ ಆಯಿತು. "ಚರ್ಚ್ ಅಂದ್ರೆ ಬ್ರೋಕರ್ ಆಫೀಸಾ" ಅಂತ ಒಬ್ಬ ಹಿರಿಯರು ಕೇಳಿದರು. ಪಾಸ್ಟರ್ ಮಾತ್ರ, ಮಾಡಿ ನೋಡೋಣ ಅಂದರು. ಈಗ ಮೂವರು ಯುವಕರು, ನಾನು, ಚಿಕ್ಕಪ್ಪ ಇದ್ದೇವೆ. ಯಾರಿಗಾದರೂ ಕಚೇರಿಯಲ್ಲಿ ಕೆಲಸ ಇದ್ದರೆ ಒಬ್ಬರು ಜೊತೆಗೆ ಹೋಗುತ್ತೇವೆ. ಅರ್ಜಿ ಬರೆದುಕೊಡುತ್ತೇವೆ, ಸಕಾಲ ನಂಬರ್ ಕೇಳಿ ಪಡೆಯುತ್ತೇವೆ, ಅವಧಿ ಮೀರಿದರೆ ಮೇಲ್ಮನವಿ ಹಾಕುತ್ತೇವೆ, ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಫೈಲ್ ಯಾರ ಟೇಬಲ್ ಮೇಲಿದೆ ಅಂತ ಕೇಳುತ್ತೇವೆ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನು ಸಹಾಯ ನಿಧಿಯಿಂದ ಕೊಡಬೇಕು ಅನ್ನುವುದು ಚಿಕ್ಕಮ್ಮ ಹಾಕಿದ ಷರತ್ತು. ಅದನ್ನು ಒಪ್ಪಿಸಲು ಮೂರು ಮೀಟಿಂಗ್ ಬೇಕಾಯಿತು. ಚರ್ಚ್‌ನವರಿಗೆ ಮಾತ್ರ ಅಂತೇನೂ ಇಲ್ಲ, ಬೀದಿಯವರೂ ಬರುತ್ತಾರೆ.

ಎಲ್ಲಾ ಕಡೆ ಗೆದ್ದಿಲ್ಲ. ಒಬ್ಬ ತಾಯಿ ನಡುವೆ ಸಾಕಾಗಿ, "ನಂಗೆ ಕ್ಷಮಿಸಿ, ಮಗನ ಫೀಸ್ ಕಟ್ಟಬೇಕು" ಅಂತ ಹೇಳಿ ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಂಡರು. ಅವರಿಗೆ ಯಾರೂ ಏನೂ ಅನ್ನಲಿಲ್ಲ, ಅನ್ನಲೂಬಾರದು. ಚಿಕ್ಕಪ್ಪನ ಖಾತೆ ಆಗಿದೆ. ಅದರ ಶ್ರೇಯಸ್ಸು ಪೂರ್ತಿ ನಮ್ಮದಲ್ಲ. ಆ ಗುಮಾಸ್ತನಿಗೆ ವರ್ಗ ಆಯಿತು, ಅವನ ಜಾಗಕ್ಕೆ ಬಂದ ಹುಡುಗಿ ಕಾಗದ ನೋಡಿ, "ಇದರಲ್ಲಿ ಏನ್ ಸಮಸ್ಯೆ ಇದೆ ಸರ್, ಯಾಕೆ ನಿಲ್ಲಿಸಿದ್ರು?" ಅಂತ ನಮ್ಮನ್ನೇ ಕೇಳಿದಳು. ಅವಳು ಯಾವ ಚರ್ಚಿಗೂ ಹೋಗುವವಳಲ್ಲ.

ಮುಂದಿನ ವಾರ ಒಬ್ಬರ ವಿಧವಾ ವೇತನದ ಅರ್ಜಿ ಇದೆ, ನಾಡಕಚೇರಿಗೆ ಚಿಕ್ಕಮ್ಮನೇ ಜೊತೆಗೆ ಹೋಗುತ್ತಾರಂತೆ.